ಗೇಟಿನಲ್ಲಿ ಮೂಗಿಗೆ, ಒಳಗೆ ಗದ್ದಕ್ಕೆ

2020ರ ಫೆಬ್ರವರಿ 20ರಂದು ಜರ್ಮನಿ ಮೂಲದ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಬೆಂಗಳೂರು, ಗುರುಗ್ರಾಮ ಮತ್ತು ಮುಂಬೈನ ತನ್ನ ಕಚೇರಿಗಳ ಬಾಗಿಲು ಹಾಕಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದಿತು. ಬೆಂಗಳೂರು ಕಚೇರಿಯ ಇಬ್ಬರು ನೌಕರರಿಗೆ ಸೋಂಕು ತಗುಲಿತ್ತು. ಸೋಂಕು ಕೊರೋನಾ ಅಲ್ಲ, ಎಚ್1ಎನ್1. ಚೀನಾದ ವುಹಾನ್‌ನ ಸುದ್ದಿ ಆಗಿನ್ನೂ ದೂರದ್ದೆನಿಸುತ್ತಿತ್ತು. ಕಚೇರಿಗಳನ್ನು ಉಜ್ಜಿ ತೊಳೆದರು. ವೈಟ್‌ಫೀಲ್ಡಿನ ಕಡೆಯವರು ಎರಡು ದಿನ ಮಾತಾಡಿಕೊಂಡು ಮರೆತರು.

ಮೂರು ವಾರ ಕಳೆಯುವುದರೊಳಗೆ, ಮಾರ್ಚ್ 9ರಂದು, ರಾಜ್ಯದ ಮೊದಲ ಕೋವಿಡ್ ಪ್ರಕರಣ ಪ್ರಕಟವಾಯಿತು. ಸೋಂಕಿತರು ಅಮೆರಿಕದಿಂದ ಮರಳಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಮರುದಿನ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು ಎಂದು ಪರೀಕ್ಷೆಯಿಂದ ಖಚಿತವಾದದ್ದು 12ರಂದು. 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾಲು, ಸಿನಿಮಾ, ಜಾತ್ರೆ, ಮದುವೆಗಳಿಗೆ ಒಂದು ವಾರದ ತಡೆ ಹಾಕಿದರು. ಮೆಡಿಕಲ್ ಸ್ಟೋರುಗಳಲ್ಲಿ ಮಾಸ್ಕ್ ಖಾಲಿಯಾಗಿ, ಇದ್ದ ಕಡೆ ಬೆಲೆ ಬಾಯಿಗೆ ಬಂದಂತಾಗಿತ್ತು. ಕೇಂದ್ರ ಸರ್ಕಾರ ಮಾಸ್ಕನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, ಮಾರ್ಚ್ 21ಕ್ಕೆ ಬೆಲೆಯನ್ನೂ ಕಟ್ಟಿತು: ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ.

ಮಾಸ್ಕ್ ಈ ಸೀಮೆಗೆ ಹೊಸದೇನಲ್ಲ. ಹೊರ ವರ್ತುಲ ರಸ್ತೆಯಲ್ಲಿ ಬೈಕ್ ಓಡಿಸುವ ಹುಡುಗರು ಹೊಗೆಗೆ ಹೆದರಿ ಮುಂಭಾಗದಲ್ಲಿ ಪ್ಲಾಸ್ಟಿಕ್ ಬಿಲ್ಲೆಯಂಥ ಕವಾಟವಿರುವ ಮಾಸ್ಕ್ ಹಾಕುತ್ತಿದ್ದರು. ಸ್ಕೂಟರಿನ ಹೆಣ್ಣುಮಕ್ಕಳು ಕಣ್ಣೆರಡು ಬಿಟ್ಟು ಮಿಕ್ಕಿದ್ದನ್ನೆಲ್ಲ ದುಪ್ಪಟ್ಟಾದಲ್ಲಿ ಸುತ್ತಿಕೊಳ್ಳುತ್ತಿದ್ದರು. ಪೀಣ್ಯದ ಗ್ರೈಂಡಿಂಗ್, ಬಫಿಂಗ್, ಪ್ಲೇಟಿಂಗ್ ಶೆಡ್ಡುಗಳಲ್ಲಿ ಕೆಲಸಗಾರರು ಕರ್ಚೀಫನ್ನು ತ್ರಿಕೋನವಾಗಿ ಮಡಿಸಿ ಮೂಗಿಗೆ ಬಿಗಿಯುತ್ತಿದ್ದದ್ದಂತೂ ಆ ಶೆಡ್ಡುಗಳಷ್ಟೇ ಹಳೆಯದು. ಎನ್95 ಎಂಬುದೂ ಮೂಲದಲ್ಲಿ ಆಸ್ಪತ್ರೆಯದಲ್ಲ. ಕಾರ್ಖಾನೆಯ ದೂಳಿಗೆಂದು ಅಮೆರಿಕದ 3ಎಂ ಕಂಪನಿ ರೂಪಿಸಿದ ಒಂದು ಸಲ ಬಳಸಿ ಬಿಸಾಡುವ ಮಾಸ್ಕಿಗೆ 1972ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಇಂದಿನ ಎನ್95 ಅದರ ಮೊಮ್ಮಗು. ಇವೆಲ್ಲದರ ಹಿಂದಿದ್ದ ಲೆಕ್ಕ ಒಂದೇ: ಹೊರಗಿನ ಹೊಲಸು ನನ್ನೊಳಗೆ ಬರಬಾರದು. ನನ್ನೊಳಗಿನದು ಇನ್ನೊಬ್ಬರಿಗೆ ಹೋಗಬಾರದು ಎಂಬ ಲೆಕ್ಕ ಇಲ್ಲಿ ಯಾರಿಗೂ ರೂಢಿಯಿರಲಿಲ್ಲ. ಕೋವಿಡ್ ಬಂದು ಹಳೆಯ ಲೆಕ್ಕವನ್ನು ತಿರುವಿ ಹಾಕಿತು. ಮುಂದಿನ ಎರಡು ವರ್ಷದ ಬಹುಪಾಲು ಗಲಿಬಿಲಿ ಹುಟ್ಟಿದ್ದು ಇಲ್ಲಿಂದಲೇ ಎಂದು ನನ್ನ ಅನಿಸಿಕೆ. ಕವಾಟದ ಮಾಸ್ಕನ್ನೇ ನೋಡಿ. ಎಳೆದುಕೊಂಡ ಉಸಿರು ಅದರಲ್ಲಿ ಸೋಸಿ ಬರುತ್ತದೆ, ಬಿಟ್ಟ ಉಸಿರು ಕವಾಟ ತೆರೆದು ಹಾಗೇ ಹೊರಗೆ ಹೋಗುತ್ತದೆ. ಹಾಕಿಕೊಂಡವನಿಗೆ ರಕ್ಷೆ, ಎದುರು ಕೂತವನಿಗೆ ಅಷ್ಟಿಲ್ಲ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇದನ್ನು ಬಳಸಬೇಡಿ ಎಂದು ರಾಜ್ಯಗಳಿಗೆ ಬರೆದದ್ದು 2020ರ ಜುಲೈನಲ್ಲಿ. ಅಷ್ಟರಲ್ಲಿ ಅಪಾರ್ಟ್‌ಮೆಂಟ್‌ಗಳಲ್ಲಿ ಅದು ಅಂತಸ್ತಿನ ಗುರುತಾಗಿಬಿಟ್ಟಿತ್ತು.

ಹಿಂದಿನ ದೊಡ್ಡ ಪ್ಲೇಗಿನಲ್ಲಿ ಬೆಂಗಳೂರಿಗರು ಮಾಸ್ಕ್ ಹಾಕಿದ್ದರೇ? ಇಲ್ಲ, ಹಾಕಿದ್ದರೂ ಪ್ರಯೋಜನವಿರುತ್ತಿರಲಿಲ್ಲ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂದ ಪ್ಲೇಗು ಗೆಡ್ಡೆಪ್ಲೇಗು. ಇಲಿಯ ಚಿಗಟ ಕಚ್ಚಿ ಹರಡುವಂಥದ್ದು. ಊರು ಖಾಲಿಯಾಯಿತು, ಪ್ಲೇಗಿನಮ್ಮನಿಗೆ ಗುಡಿಗಳೆದ್ದವು, ಮಲ್ಲೇಶ್ವರ ಮತ್ತು ಬಸವನಗುಡಿಗಳು ಗಾಳಿಬೆಳಕಿನ ಬಡಾವಣೆಗಳಾಗಿ ಬೆಳೆದವು. ಆಗ ವೈಟ್‌ಫೀಲ್ಡ್ ಆಂಗ್ಲೋ-ಇಂಡಿಯನ್ ಕುಟುಂಬಗಳ ಹದಿನಾರು ವರ್ಷದ ಪುಟ್ಟ ನೆಲೆ. ಪೀಣ್ಯ, ಈಗ ಎಲೆಕ್ಟ್ರಾನಿಕ್ ಸಿಟಿ ಇರುವ ಕೋನಪ್ಪನ ಅಗ್ರಹಾರಗಳು ರಾಗಿ ಹೊಲ. ಮಾಸ್ಕಿನ ಕಥೆ ಶುರುವಾಗುವುದು ಇನ್ನೊಂದು ಪ್ಲೇಗಿನಲ್ಲಿ. 1910ರ ಕೊನೆಗೆ ಮಂಚೂರಿಯಾದಲ್ಲಿ ಎದ್ದ ಪಿಡುಗು ಶ್ವಾಸಕೋಶಕ್ಕೆ ತಗುಲುವ ಬಗೆಯದ್ದು, ಕೆಮ್ಮಿನಿಂದಲೇ ಹರಡುತ್ತಿತ್ತು. ಅಲ್ಲಿಗೆ ಹೋದ ವು ಲಿಯೆನ್-ತೆ ಎಂಬ ಮಲಯ ಮೂಲದ ವೈದ್ಯ, ಹತ್ತಿಯನ್ನು ಜಾಳಿಗೆ ಬಟ್ಟೆಯಲ್ಲಿ ಸುತ್ತಿ ಎಲ್ಲರೂ ಮೂಗಿಗೆ ಕಟ್ಟಿಕೊಳ್ಳಬೇಕೆಂದರು. ಹಿರಿಯ ಫ್ರೆಂಚ್ ವೈದ್ಯ ಮೆನಿ ಅವರಿಗೆ ಆ ಮಾತು ರುಚಿಸಲಿಲ್ಲ. ಮಾಸ್ಕಿಲ್ಲದೆ ರೋಗಿಗಳನ್ನು ನೋಡಲು ಹೋದರು. 1911ರ ಜನವರಿಯಲ್ಲಿ ಅದೇ ರೋಗಕ್ಕೆ ತುತ್ತಾದರು. ಆಮೇಲೆ ಮಂಚೂರಿಯಾದ ಹಾರ್ಬಿನ್ ಊರಿನಲ್ಲಿ ಮಾಸ್ಕಿಗೆ ಯಾರೂ ಎದುರು ಮಾತಾಡಲಿಲ್ಲ.

ನೂರಹತ್ತು ವರ್ಷದ ಬಳಿಕ ಅದೇ ಪಾಠವನ್ನು ಪ್ರಪಂಚ ಮೊದಲಿನಿಂದ ಕಲಿಯಬೇಕಾಯಿತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ಟ್ವೀಟ್ ಮಾಡಿತು. ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎಂಬುದು ಆಗಿನ ಸಲಹೆ. ಇರುವ ಮಾಸ್ಕ್ ವೈದ್ಯರಿಗೆ, ನರ್ಸುಗಳಿಗೆ ಉಳಿಯಲಿ ಎಂಬ ಕಾಳಜಿಯೂ ಅದರಲ್ಲಿತ್ತು. ಭಾರತ ಈ ಒಂದು ವಿಷಯದಲ್ಲಿ ಕಾಯಲಿಲ್ಲ. ಮಾರ್ಚ್ ಕೊನೆಯಲ್ಲೇ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಅವರ ಕಚೇರಿ ಮನೆಯಲ್ಲೇ ಮಾಸ್ಕ್ ಹೊಲಿದುಕೊಳ್ಳುವ ಕೈಪಿಡಿ ಹೊರತಂದಿತು. ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೆ ಬಟ್ಟೆ ಮಾಸ್ಕ್ ಸೂಚಿಸುವಾಗ ಜೂನ್ 5 ಆಗಿತ್ತು.

ಹೊಲಿಯುವವರಿಗೆ ಬೆಂಗಳೂರಿನಲ್ಲಿ ಬರವೇ? ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಅಮೆರಿಕ, ಯುರೋಪಿನ ಅಂಗಡಿಗಳಿಗೆ ಶರ್ಟು, ಜಾಕೆಟ್ಟು ಹೊಲಿಯುತ್ತಿದ್ದರು. ಆ ಆರ್ಡರ್‌ಗಳು ರಾತ್ರೋರಾತ್ರಿ ರದ್ದಾದವು. ಏಪ್ರಿಲ್‌ನಲ್ಲಿ ವಿಶೇಷ ಅನುಮತಿ ಪಡೆದ ಘಟಕಗಳು ಪಿಪಿಇ ಗೌನು, ಮಾಸ್ಕುಗಳಿಗೆ ತಿರುಗಿದವು. ದೇಶದಲ್ಲಿ ಪಿಪಿಇ ತಯಾರಿಕೆ ದಿನಕ್ಕೆ ಲಕ್ಷ ದಾಟಿತು ಎಂದು ಜವಳಿ ಸಚಿವಾಲಯ ಆ ತಿಂಗಳ ಕೊನೆಗೆ ಹೇಳಿದಾಗ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬೆಂಗಳೂರಿನದು. ಶರ್ಟಿನ ಕಾಲರ್ ಕೂರಿಸುತ್ತಿದ್ದ ಟೈಲರ್ ಈಗ ನೇಯದ ಪಾಲಿಪ್ರೊಪಿಲೀನ್ ಹಾಳೆಯನ್ನು ಮಡಿಕೆ ಹಾಕಿ, ಮೂಗಿನ ಮೇಲೆ ಬಗ್ಗುವ ತಂತಿ ಸೇರಿಸಿ, ಎರಡು ಎಲಾಸ್ಟಿಕ್ ಕೂರಿಸಬೇಕು. ಕೈಗೆ ಸಿಕ್ಕರೆ ಕಾಗದದಂತೆ ಜಾರುವ ಆ ಹಾಳೆಯ ನಡುವಿನ ಪದರದಲ್ಲಿದೆ ಮಾಸ್ಕಿನ ಜೀವ. ಕರಗಿಸಿ ಊದಿದ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳವು. ಅವುಗಳಿಗೆ ಸ್ಥಾಯೀ ವಿದ್ಯುತ್ ತುಂಬಿರುತ್ತಾರೆ. ಎಳೆಗಳ ಸಂದಿಯಲ್ಲಿ ನುಸುಳಿ ಹೋಗಬಲ್ಲ ಕಣವನ್ನೂ ಆ ವಿದ್ಯುತ್ತು ಪಕ್ಕಕ್ಕೆಳೆದು ಅಂಟಿಸಿಕೊಳ್ಳುತ್ತದೆ. ಸೋಪು ಹಾಕಿ ಒಗೆದು ತಂತಿಯ ಮೇಲೆ ಒಣಹಾಕಿದರೆ ಆ ಗುಣ ಹೋಯಿತು. ನಮ್ಮಲ್ಲಿ ಎಷ್ಟು ಮನೆಯ ಬಾಲ್ಕನಿಗಳಲ್ಲಿ ಒಗೆದ ಸರ್ಜಿಕಲ್ ಮಾಸ್ಕ್ ಸಾಲಾಗಿ ನೇತಾಡುತ್ತಿದ್ದವು ಎಂಬುದನ್ನು ಓದುಗರೇ ನೆನಪು ಮಾಡಿಕೊಳ್ಳಬಹುದು.

ಬೆಂಗಳೂರಿನ ಪ್ರಯೋಗಾಲಯಗಳೂ ಕೈಕಟ್ಟಿ ಕೂರಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಪ್ರಸನ್ನ ಸಿಂಹ ಮೋಹನ್ ರಾವ್ ಮತ್ತು ಇಸ್ರೋದ ಪದ್ಮನಾಭ ಪ್ರಸನ್ನ ಸಿಂಹ ಸೇರಿ ಕೆಮ್ಮಿನ ಫೋಟೊ ತೆಗೆದರು. ಬಿಸಿಗಾಳಿ ಬೆಳಕನ್ನು ಬಾಗಿಸುವುದನ್ನೇ ಹಿಡಿದು ಗಾಳಿಯ ಚಲನೆಯನ್ನು ಕಾಣಿಸುವ ಷ್ಲೀರೆನ್ ಎಂಬ ವಿಧಾನವದು. 2020ರ ಆಗಸ್ಟ್‌ನಲ್ಲಿ ಅವರು ಪ್ರಕಟಿಸಿದ ಅಳತೆ ಹೀಗಿತ್ತು: ಬರಿಬಾಯಿಯ ಕೆಮ್ಮು 3 ಮೀಟರಿನವರೆಗೂ ಹೋಗುತ್ತದೆ, ಸಾದಾ ಬಿಸಾಡುವ ಮಾಸ್ಕ್ ಹಾಕಿದರೆ ಅರ್ಧ ಮೀಟರಿಗೆ ನಿಲ್ಲುತ್ತದೆ, ಎನ್95 ಹಾಕಿದರೆ ಕಾಲು ಮೀಟರಿನ ಒಳಗೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಪ್ತರ್ಷಿ ಬಸು ಅವರ ತಂಡ ಇನ್ನೂ ಹತ್ತಿರಕ್ಕೆ ಹೋಯಿತು. ಕೆಮ್ಮಿನ ದೊಡ್ಡ ಹನಿ ಬಟ್ಟೆಗೆ ಬಡಿದಾಗ ಏನಾಗುತ್ತದೆ? ಒಂದೇ ಪದರವಾದರೆ ಹನಿ ನೂಲಿನ ಕಂಡಿಗಳಲ್ಲಿ ಹಿಸುಕಿಕೊಂಡು ಸಣ್ಣ ಹನಿಗಳಾಗಿ ಸಿಡಿದು ಆಚೆ ಬರುತ್ತದೆ. ತಡೆಯುವುದು ಶೇ 30ರಷ್ಟು ಮಾತ್ರ. ಎರಡು ಪದರ ಶೇ 91ರಷ್ಟನ್ನು ಹಿಡಿದರೂ, ಸಿಡಿದ ಹನಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗಾಳಿಯಲ್ಲಿ ತೇಲುವಷ್ಟು ಚಿಕ್ಕವು. ಮೂರು ಪದರದಲ್ಲಿ ಇದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. 2021ರ ಮಾರ್ಚ್‌ನಲ್ಲಿ ಇದು ಪ್ರಕಟವಾಗುವ ಹೊತ್ತಿಗೆ, ಒಂದು ಪದರದ ಬಟ್ಟೆ ಮಾಸ್ಕ್ ಹಾಕಿ ಇಡೀ ವರ್ಷ ಕಳೆದವರು ಲಕ್ಷಾಂತರ ಜನ.

ಆಡಳಿತ ನೆಚ್ಚಿಕೊಂಡದ್ದು ದಂಡವನ್ನು. 2020ರ ಮೇ 1ರಿಂದ ಬಿಬಿಎಂಪಿ ವ್ಯಾಪ್ತಿಯಲ್ಲಿ ಮಾಸ್ಕ್ ಕಡ್ಡಾಯ. ತಪ್ಪಿದರೆ ಮೊದಲ ಸಲ 1,000 ರೂಪಾಯಿ, ಎರಡನೇ ಸಲ 2,000. ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದು 200ಕ್ಕೆ ಇಳಿಯಿತು. ಅಕ್ಟೋಬರ್ ಆರಂಭದಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ ಮತ್ತೆ 1,000ಕ್ಕೆ ಏರಿಸಿತು; ಒಂದು ವಾರಕ್ಕೆ 250ಕ್ಕೆ ಇಳಿಸಿತು. ಆಗ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರ್ತಿಯ ಕನಿಷ್ಠ ಕೂಲಿ ತಿಂಗಳಿಗೆ ಹತ್ತು ಸಾವಿರ ಮುಟ್ಟುತ್ತಿರಲಿಲ್ಲ. ಅಂದರೆ ಸಾವಿರದ ದಂಡ ಹೆಚ್ಚುಕಡಿಮೆ ಮೂರು ದಿನದ ದುಡಿಮೆ. ಕಸದ ನಿಯಮ ಕಾಯಲೆಂದು ನೇಮಿಸಿದ್ದ ಮಾರ್ಷಲ್‌ಗಳ ಕೈಗೆ ಈಗ ಮಾಸ್ಕಿನ ರಸೀದಿಯೂ ಬಂತು. ಅವರು ನಿಲ್ಲುತ್ತಿದ್ದದ್ದು ಜಾಲಹಳ್ಳಿ ಕ್ರಾಸ್, ಸಿಲ್ಕ್ ಬೋರ್ಡ್, ಮಾರತ್ತಹಳ್ಳಿಯಂಥ ಜಂಕ್ಷನ್ನುಗಳ ಬಯಲಿನಲ್ಲಿ, ಸೋಂಕು ಹರಡುವ ಸಾಧ್ಯತೆ ತೀರ ಕಡಿಮೆ ಇರುವ ಕಡೆ. ಒಂಟಿಯಾಗಿ ಬೈಕಿನಲ್ಲಿ ಹೋಗುವವನನ್ನು ಹಿಡಿಯುವುದು ಸುಲಭ. ಕಿಟಕಿ ಮುಚ್ಚಿದ ಹಾಲ್‌ಗೆ ರಸೀದಿ ಹರಿಯುವವರು ಯಾರು?

ಆ ದಿನಗಳಲ್ಲಿ ಪೀಣ್ಯದ ಬೆಳಗಿನ ಗೇಟು ಕಂಡವರಿಗೆ ಇದು ಗೊತ್ತು. ಸೈರನ್ ಆಗುವ ಹೊತ್ತಿಗೆ ಸಾಲು. ಸೆಕ್ಯುರಿಟಿಯವರ ಒಂದು ಕೈಯಲ್ಲಿ ಹಣೆಗೆ ಹಿಡಿಯುವ ಉಷ್ಣಮಾಪಕ, ಇನ್ನೊಂದರಲ್ಲಿ ಸ್ಯಾನಿಟೈಸರ್ ಬಾಟಲು. “ಅಕ್ಕಾ, ಮೂಗಿನ್ ಮೇಲಕ್ ಎಳ್ಕೊಳ್ಳಿ” ಎನ್ನುತ್ತಾರೆ. ಅಕ್ಕ ಎಳೆದುಕೊಳ್ಳುತ್ತಾಳೆ. ಒಳಗೆ ಹೋಗಿ ಮೆಷಿನ್ ಮುಂದೆ ಕೂತು ಅರ್ಧ ಗಂಟೆಯಾದರೆ, ಇಸ್ತ್ರಿಯ ಆವಿ, ತಗಡಿನ ಸೂರು, ಬೆನ್ನ ಹಿಂದೆ ಸೂಪರ್‌ವೈಸರ್, ತಲೆಯ ಮೇಲೆ ಗಂಟೆಗೊಂದರಂತೆ ಬರೆಯುವ ಪ್ರೊಡಕ್ಷನ್ ಲೆಕ್ಕ. ಮೆಷಿನ್ ಸದ್ದಿನಲ್ಲಿ ಪಕ್ಕದವಳಿಗೆ ಕೇಳಬೇಕಾದರೆ ಕೂಗಬೇಕು, ಕೂಗಬೇಕಾದರೆ ಮಾಸ್ಕ್ ಗದ್ದಕ್ಕೆ ಇಳಿಯಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹತ್ತು ಜನ ಒಂದೇ ಸುತ್ತು, ಒಬ್ಬರ ಪಲ್ಯ ಇನ್ನೊಬ್ಬರಿಗೆ. ಸಂಜೆ ಒಂದೇ ಟೆಂಪೊದಲ್ಲಿ ಭುಜಕ್ಕೆ ಭುಜ ತಾಗಿಸಿ ಮನೆಗೆ. ದಿನದ ಅತ್ಯಂತ ಅಪಾಯದ ಹೊತ್ತಿನಲ್ಲಿ ಮಾಸ್ಕ್ ಇಲ್ಲ, ಅಪಾಯವೇ ಇಲ್ಲದ ಗೇಟಿನಲ್ಲಿ ಇದೆ. ಇದನ್ನು ಅವರ ಅಜ್ಞಾನ ಎನ್ನುವವರು ಏಪ್ರಿಲ್ ತಿಂಗಳ ತಗಡಿನ ಶೆಡ್ಡಿನಲ್ಲಿ ಒಂದು ಪಾಳಿ ಕೂತು ಬರಲಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳದ್ದು ಬೇರೆ ಕಥೆ. ಅಲ್ಲಿನವರು ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಹೋದರು, ಹಲವರು ದಾವಣಗೆರೆಗೆ, ಕುಂದಾಪುರಕ್ಕೆ, ಊರಿಗೇ ಹೋದರು. ಹೋದದ್ದು ಒಳ್ಳೆಯದೇ ಆಯಿತು. ತೆರೆಯಲಾಗದ ಕಿಟಕಿಯ ಕಚೇರಿಯಲ್ಲಿ ಏನಾಗಬಹುದೆಂಬುದಕ್ಕೆ ದಕ್ಷಿಣ ಕೊರಿಯಾದ ಸೋಲ್ ನಗರದ ಕಾಲ್ ಸೆಂಟರ್ ಸಾಕ್ಷಿ: 2020ರ ಮಾರ್ಚ್‌ನಲ್ಲಿ ಅದರ 11ನೇ ಮಹಡಿಯ 216 ಜನರಲ್ಲಿ 94 ಮಂದಿಗೆ ಸೋಂಕು ತಗುಲಿತು, ಅವರಲ್ಲಿ ಬಹುತೇಕರು ಮಹಡಿಯ ಒಂದೇ ಬದಿಯಲ್ಲಿ ಕೂರುತ್ತಿದ್ದವರು. ಇಡೀ ದಿನ ಮಾತಾಡುವುದೇ ಕೆಲಸವಾದ ಕಡೆ ಗಾಳಿ ಹೊರಗೆ ಹೋಗದಿದ್ದರೆ ಹೀಗಾಗುತ್ತದೆ. ಬೆಂಗಳೂರಿನ ಖಾಲಿ ಟೆಕ್‌ಪಾರ್ಕುಗಳಲ್ಲಿ ಉಳಿದವರು ಸೆಕ್ಯುರಿಟಿ, ಹೌಸ್‌ಕೀಪಿಂಗ್, ಎಲೆಕ್ಟ್ರಿಷಿಯನ್‌ಗಳು. ಐಟಿ ಕಾರಿಡಾರಿನಲ್ಲಿ ಹನ್ನೆರಡು ಗಂಟೆ ಮಾಸ್ಕ್ ಹೊತ್ತವರು ಅವರೇ. ಕೋಡ್ ಬರೆಯುವವರಿಗೆ ಮನೆಯ ಗೋಡೆಯೇ ಮಾಸ್ಕಾಗಿತ್ತು.

ಮನೆಯ ಒಳಗೂ ಸಂಗತಿ ನೇರವಿರಲಿಲ್ಲ. 2021ರ ಫೆಬ್ರವರಿಯಲ್ಲಿ, ರೋಗ ಮುಗಿಯಿತು ಎಂದು ಎಲ್ಲರೂ ಉಸಿರು ಬಿಟ್ಟಿದ್ದಾಗ, ಬೊಮ್ಮನಹಳ್ಳಿ ವಲಯದ ಬಿಳೇಕಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನೂರಕ್ಕೂ ಹೆಚ್ಚು ನಿವಾಸಿಗಳಿಗೆ ಸೋಂಕು ಕಂಡಿತು. ಅಲ್ಲೊಂದು ಪಾರ್ಟಿ ನಡೆದಿತ್ತು. ಹೊರಗಿನಿಂದ ಬರುವ ಮನೆಗೆಲಸದವರಿಗೆ ಲಿಫ್ಟಿನಲ್ಲಿ ಮಾಸ್ಕ್ ಕಡ್ಡಾಯ ಎಂದು ಚೀಟಿ ಅಂಟಿಸಿದ ಸಂಕೀರ್ಣಗಳು ನಗರದಲ್ಲಿ ಬೇಕಾದಷ್ಟಿದ್ದವು. ತಮ್ಮತಮ್ಮೊಳಗೆ ಸೇರುವಾಗ ಚೀಟಿ ಯಾರಿಗೂ ಕಾಣಲಿಲ್ಲ.

ಎರಡನೇ ಅಲೆ ಬಂದದ್ದು ಅದಾದ ಎರಡೇ ತಿಂಗಳಿಗೆ. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಪ್ರಕರಣ, ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನವು. ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಹಿಂದಿನ ವರ್ಷ 10,100 ಹಾಸಿಗೆಯ ಆರೈಕೆ ಕೇಂದ್ರವನ್ನು ಕಟ್ಟಿ, ಸೆಪ್ಟೆಂಬರ್‌ನಲ್ಲಿ ಮುಚ್ಚಿ, ಹಾಸಿಗೆಗಳನ್ನು ಹಂಚಿಬಿಟ್ಟಿದ್ದರು. ಈಗ ಬೇಕಾಗಿದ್ದದ್ದು ಆಮ್ಲಜನಕ. ಏಪ್ರಿಲ್ 27ರಿಂದ ನಿರ್ಬಂಧ ಜಾರಿಯಾದಾಗ ಕಾರ್ಖಾನೆಗಳಿಗೆ ವಿನಾಯಿತಿ ಸಿಕ್ಕಿತು, ಗಾರ್ಮೆಂಟ್ಸ್‌ಗೆ ಸಿಗಲಿಲ್ಲ. ಜೂನ್ 14ರಿಂದ ತೆರೆಯುವಾಗಲೂ ಬೇರೆ ಕೈಗಾರಿಕೆಗಳಿಗೆ ಅರ್ಧ ಸಿಬ್ಬಂದಿ, ಗಾರ್ಮೆಂಟ್ಸ್‌ಗೆ ಶೇ 30. ಪೀಣ್ಯದ ಲೇತ್ ಶೆಡ್ಡಿಗೂ ಹೊಲಿಗೆ ಹಾಲಿಗೂ ಇರುವ ವ್ಯತ್ಯಾಸ ಒತ್ತೊತ್ತಾಗಿ ಕೂರುವುದು ಎಂಬುದು ಸರ್ಕಾರಕ್ಕೂ ಅರ್ಥವಾಗಿತ್ತು ಎಂದಾಯಿತು. ಅರ್ಥವಾದ ಮೇಲೆ ಮೆಷಿನ್‌ಗಳನ್ನು ದೂರ ಮಾಡಿಸಿ ಗಾಳಿಯಾಡುವಂತೆ ಮಾಡಿಸುವುದನ್ನು ಬಿಟ್ಟು, ಬಾಗಿಲನ್ನೇ ಮುಚ್ಚಿಸಿದರು. ದೇಶಕ್ಕೆ ಮಾಸ್ಕ್ ಹೊಲಿದವರ ಕೂಲಿ ನಿಂತಿತು. ಅದೇ ವರ್ಷದ ಮೇ 20ರಂದು ವಿಜಯರಾಘವನ್ ಅವರ ಕಚೇರಿ ಹೊಸ ಸಲಹೆ ಕೊಟ್ಟಿತು: ಉಸಿರಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ 10 ಮೀಟರಿನವರೆಗೂ ಹೋಗಬಲ್ಲವು, ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಒಂದು ವರ್ಷ ಟೇಬಲ್ಲು, ತರಕಾರಿ, ಹಾಲಿನ ಪ್ಯಾಕೆಟ್ಟು ತೊಳೆದವರಿಗೆ ಇದು ತಡವಾಗಿ ಬಂದ ಮಾತು.

ಹಾಗಾದರೆ ಮಾಸ್ಕಿನಿಂದ ಸೋಂಕು ಎಷ್ಟು ಕಡಿಮೆಯಾಯಿತು? ಬೆಂಗಳೂರಿನ ಮಟ್ಟಿಗೆ ಬೇರ್ಪಡಿಸಿ ಹೇಳುವುದು ಆಗದ ಕೆಲಸ. ಲಾಕ್‌ಡೌನ್, ಲಸಿಕೆ, ಬಂದು ಹೋದ ಸೋಂಕು ಎಲ್ಲ ಒಂದರೊಳಗೊಂದು ಸೇರಿವೆ. 2020ರ ಸೆಪ್ಟೆಂಬರ್ ಹೊತ್ತಿಗೇ ರಾಜ್ಯದ ಜನರಲ್ಲಿ ಶೇ 27ರಷ್ಟು ಮಂದಿಗೆ ಸೋಂಕು ತಗುಲಿತ್ತೆಂದು ಸರ್ಕಾರದ ಸಮೀಕ್ಷೆಯೇ ಹೇಳಿತು. ನಮಗೆ ಹತ್ತಿರದ ಒಳ್ಳೆಯ ಉತ್ತರ ಬಾಂಗ್ಲಾದೇಶದ್ದು. ಅಲ್ಲಿ 2020ರ ನವೆಂಬರ್‌ನಿಂದ 600 ಹಳ್ಳಿಗಳ 3.4 ಲಕ್ಷ ವಯಸ್ಕರ ನಡುವೆ ಪ್ರಯೋಗ ನಡೆಯಿತು. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಪುಕ್ಕಟೆ ಮಾಸ್ಕ್ ಕೊಟ್ಟು, ಸಂತೆಯಲ್ಲಿ, ಮಸೀದಿಯ ಬಾಗಿಲಲ್ಲಿ ಮೆಲ್ಲಗೆ ನೆನಪಿಸಿದರು. ದಂಡವಿಲ್ಲ. ಸರಿಯಾಗಿ ಮಾಸ್ಕ್ ಹಾಕುವವರು ಶೇ 13ರಿಂದ 42ಕ್ಕೆ ಏರಿದರು. ಲಕ್ಷಣವಿದ್ದು ರಕ್ತಪರೀಕ್ಷೆಯಲ್ಲಿ ಖಚಿತವಾದ ಸೋಂಕು ಒಟ್ಟಾರೆ ಶೇ 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಶೇ 11, ಅಲ್ಲಿನ ಅರವತ್ತು ದಾಟಿದವರಲ್ಲಿ ಶೇ 35. ಬಟ್ಟೆ ಮಾಸ್ಕಿನ ಫಲ ಅಷ್ಟು ಸ್ಪಷ್ಟವಿರಲಿಲ್ಲ. ಹತ್ತರಲ್ಲಿ ನಾಲ್ಕು ಜನ ಹಾಕಿದ್ದಕ್ಕೆ ಇಷ್ಟು ಎಂಬುದನ್ನು ನೆನಪಿಡಬೇಕು. ಮಾಸ್ಕಿನ ಬಗ್ಗೆ ಡೆನ್ಮಾರ್ಕ್‌ನಲ್ಲಿ ನಡೆದ ಇನ್ನೊಂದು ಪ್ರಯೋಗ ಅನಿಶ್ಚಿತವಾಗಿ ಮುಗಿಯಿತು, ಆದರೆ ಅದು ಅಳೆದದ್ದು ಹಾಕಿಕೊಂಡವನಿಗಾದ ಲಾಭವನ್ನು ಮಾತ್ರ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆಯನ್ನು ಹಿಡಿದು ಮಾಸ್ಕ್ ವ್ಯರ್ಥ ಎಂದು ಸಾರಿದವರಿಗೆ ಅದರ ಪ್ರಧಾನ ಸಂಪಾದಕರೇ, ನಾವು ಹಾಗೆ ಹೇಳಿಲ್ಲ, ಪುರಾವೆ ಖಚಿತವಿಲ್ಲ ಎಂದಷ್ಟೇ ಹೇಳಿದ್ದೇವೆ ಎಂದರು.

ದೇಶದ ಮೊದಲೆರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಬೆಂಗಳೂರಿನಲ್ಲೇ ಪ್ರಕಟವಾದವು. ಆ ಅಲೆ ಬೇಗ ಬಂದು ಬೇಗ ಹೋಯಿತು. 2022ರ ಏಪ್ರಿಲ್‌ನಲ್ಲಿ ಮಾಸ್ಕ್ ಮತ್ತೆ ಕಡ್ಡಾಯವಾಯಿತು, ದಂಡವಿಲ್ಲದೆ. ಹಾಗಾಗಿ ಯಾರೂ ಹಾಕಲಿಲ್ಲ. 2023ರ ಡಿಸೆಂಬರ್‌ನಲ್ಲಿ ಜೆಎನ್.1 ತಳಿ ಸುದ್ದಿಯಾದಾಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅರವತ್ತು ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಿ ಎಂದು ಸಲಹೆ ಕೊಟ್ಟರು. ಬಾಂಗ್ಲಾದ ಅಂಕಿಗಳನ್ನು ನೋಡಿದರೆ ಅದು ಸರಿಯಾದ ಸಲಹೆಯೇ.

2014ರಲ್ಲಿ ಪೀಣ್ಯಕ್ಕೆ ಮೆಟ್ರೋ ಬಂತು, 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ. ಮೂರು ಸೀಮೆಯವರೂ ಈಗ ಕಿಟಕಿ ತೆರೆಯದ ಒಂದೇ ಬಗೆಯ ಬೋಗಿಗಳಲ್ಲಿ ನಿಂತು ಓಡಾಡುತ್ತಾರೆ. ಮುಂದಿನ ಸೋಂಕು ಬಂದಾಗ ಕಾರ್ಖಾನೆಯವರು, ಟೆಕ್‌ಪಾರ್ಕಿನವರು ಮಾರ್ಷಲ್‌ಗಳಿಗೆ ಕಾಯಬೇಕಿಲ್ಲ. ಮೂರು ಪದರದ ಮಾಸ್ಕನ್ನು ತಮ್ಮ ಖರ್ಚಿನಲ್ಲಿ ಗೇಟಿನಲ್ಲಿಡಲಿ, ಹಾಲ್‌ಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಲಿ, ಊಟವನ್ನು ಎರಡು ಪಾಳಿ ಮಾಡಿ ಬಯಲಿಗೆ ಬಿಡಲಿ. ಕೆಮ್ಮು ಬಂದವರಿಗೆ ಸಂಬಳ ಕಡಿಯದೆ ಎರಡು ದಿನ ರಜೆ ಕೊಡಲಿ.